ಬಚ್ಚಲ ಬಾಗಿಲಲ್ಲಿ ಮಲಗಿಸಿದ ಹೊಸ್ತಿಲು

ಅಪ್ಪ ಬಚ್ಚಲಿನಲ್ಲಿ ಜಾರಿ ಬಿದ್ದರು ಎಂದು ನಾನು ಕನಿಷ್ಠ ಮೂರು ಮಂದಿಗೆ ಹೇಳಿದ್ದೇನೆ. ಅಪ್ಪ ಬಚ್ಚಲಿನಲ್ಲಿ ಬೀಳಲಿಲ್ಲ. ಎಲ್ಲಿಯೂ ಬೀಳಲಿಲ್ಲ. ಒಂದು ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಚಾ ಕುಡಿದು, ಲೋಟ ಕೆಳಗಿಟ್ಟು ಏಳಲು ಹೋದರು. ಎಡಗಾಲು ಎದ್ದಿತು, ಬಲಗಾಲು ಏಳಲಿಲ್ಲ. ನಡೆದದ್ದು ಅಷ್ಟೇ. ಆದರೆ ಸ್ನಾನದ ಕೋಣೆಯನ್ನು ಒಡೆದು ಕಟ್ಟಿಸಿದ್ದು ಯಾಕೆಂದು ಯಾರಾದರೂ ಕೇಳಿದಾಗ ಲೋಟ ಮತ್ತು ಕಾಲಿನ ಕತೆ ಸಾಕಾಗುವುದಿಲ್ಲ. ಕೇಳುವವರು ಯಾರಾದರೂ ಬೀಳಲಿ ಎಂದು ಕಾಯುತ್ತಾ ಇರುತ್ತಾರೆ, ನಾನು ಬೀಳಿಸಿಬಿಡುತ್ತೇನೆ. ಮೂರನೆಯ ಸಲ ಹೇಳುವಾಗ ಬಕೆಟು ಉರುಳಿದ ಸದ್ದು ನನಗೇ ಕೇಳಿಸಿತ್ತು.

ಆದ್ದರಿಂದ ಇಲ್ಲಿ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದ್ದೇನೆ. ಅವರು ಅಲ್ಲ ಎಂದ ಕಡೆ ಅಲ್ಲ ಎಂದೇ ಸೇರಿಸಿದ್ದೇನೆ. ಇನ್ನೊಂದು ವಿಷಯವೂ ಉಂಟು. ಮನೆಯಲ್ಲಿ ನಾವು ಮಾತಾಡುವುದು ತುಳು. ಕನ್ನಡಕ್ಕೆ ತಂದರೆ ಅಪ್ಪ ಇರುವುದಕ್ಕಿಂತ ಸ್ವಲ್ಪ ಸಭ್ಯರಾಗಿ ಕಾಣುತ್ತಾರೆ, ಅಮ್ಮ ಸ್ವಲ್ಪ ಮೃದುವಾಗುತ್ತಾರೆ. ಎರಡನ್ನೂ ಅಷ್ಟಾಗಿ ನಂಬಬೇಡಿ.

ಇನ್ನಂಜೆಯ ಮನೆಯಲ್ಲಿ ನಾವು ಮೂವರು. ನಾನು ದಿನಾ ಉಡುಪಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಅಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಮೊದಲು ಅಜೆಕಾರಿನ ಬಸ್ಸು, ನಂತರ ಬಹಳ ವರ್ಷ ಕಾರ್ಕಳ–ಉಡುಪಿ. ದಿನಕ್ಕೆ ಎರಡು ಸ್ನಾನ ಅವರ ಕ್ರಮ: ಡ್ಯೂಟಿಗೆ ಹೊರಡುವ ಮೊದಲು ಒಂದು, ಬಂದ ಕೂಡಲೇ ಇನ್ನೊಂದು. ಎರಡನೆಯದು ಆಗದೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಸಣ್ಣವಳಿರುವಾಗ ನಾನು ಓಡಿಹೋದರೆ ಎರಡೂ ಕೈ ಮೇಲೆತ್ತಿ, "ಮುಟ್ಟಬೇಡ, ಇಡೀ ತಾಲೂಕಿನ ಬೆವರು ನನ್ನ ಮೇಲೆ ಉಂಟು" ಎನ್ನುತ್ತಿದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆ ನೀರಿನ ಸದ್ದು. ಅಷ್ಟು ಹೊತ್ತು ಅವರು ನಮ್ಮವರೂ ಅಲ್ಲ, ಬಸ್ಸಿನವರೂ ಅಲ್ಲ.

ಆ ಬಚ್ಚಲಿಗೆ ಒಂದು ಹೊಸ್ತಿಲಿತ್ತು. ಮನೆ ಕಟ್ಟಿಸುವಾಗಲೇ ಅಮ್ಮ ಹೇಳಿ ಹಾಕಿಸಿದ್ದು, ಗೇಣಿಗೆ ಸ್ವಲ್ಪ ಕಡಿಮೆ ಎತ್ತರ. ಬಚ್ಚಲಿನ ನೀರು ಒಂದು ತೊಟ್ಟೂ ಮನೆಯೊಳಗೆ ಬರಬಾರದು ಎಂಬುದು ಅವರ ಹಟ. ಹೊಸ್ತಿಲು ದಾಟಿದ ಮೇಲೆ ಒಳಗಿನ ನೆಲ ಮತ್ತೆ ಒಂದು ಮೆಟ್ಟಿಲು ಕೆಳಗೆ. ಅಂದರೆ ಸ್ನಾನಕ್ಕೆ ಹೋಗಬೇಕಾದರೆ ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು. ಹತ್ತುವಾಗಲೂ ಇಳಿಯುವಾಗಲೂ ಒಂದು ಕ್ಷಣ ಇಡೀ ದೇಹ ಒಂದೇ ಕಾಲಿನ ಮೇಲೆ. ಇದು ನಮಗೆ ಗೊತ್ತಾದದ್ದು ಪಾರ್ಶ್ವವಾಯುವಿಗೆ ಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಅಪ್ಪನನ್ನು ಮನೆಗೆ ತಂದ ದಿನ.

ಸಮನೆಲದಲ್ಲಿ ಅವರು ವಾಕರ್ ಹಿಡಿದು ಚೆನ್ನಾಗಿಯೇ ನಡೆಯುತ್ತಿದ್ದರು. ಬಲಗಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ಗೆರೆ ಎಳೆದುಕೊಂಡು ಬರುತ್ತಿತ್ತು. ಹೊಸ್ತಿಲ ಹತ್ತಿರ ನಿಂತರು. ಅಮ್ಮ ಹಿಂದಿನಿಂದ ಹಿಡಿದುಕೊಂಡರು. ನಾನು ಬಗ್ಗಿ ಅವರ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಆಚೆ ಇಟ್ಟೆ. ಒಳಗೆ ಸ್ಟೂಲಿನ ಮೇಲೆ ಕೂರಿಸಿ, ಲುಂಗಿ ಉಟ್ಟಿದ್ದ ಹಾಗೆಯೇ ನೀರು ಹೊಯ್ದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಸೋಪಿಗಾಗಿ ಎಂದು ನಾನು ಅಂದುಕೊಂಡೆ. ಸೋಪು ಹಚ್ಚಿರಲೇ ಇಲ್ಲ.

ಮರುದಿನ ಕರೆದಾಗ "ನಾಳೆ" ಎಂದರು. ಅದರ ಮರುದಿನವೂ ನಾಳೆ.

"ಜ್ವರ ಬಂದ ಹಾಗೆ ಉಂಟು."

"ಎಲ್ಲಿ ಜ್ವರ? ತಣ್ಣಗಿದ್ದೀರಿ" ಎಂದು ಅಮ್ಮ ಹಣೆ ಮುಟ್ಟಿ ನೋಡಿದರು.

"ಒಳಗೆ ಉಂಟು."

ಹನ್ನೊಂದು ದಿನ ಹೀಗೇ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರು. ಅಮ್ಮ ಹೇಳುವುದು ಎಂಟು ದಿನ. ಕೊನೆಗೆ ಅಮ್ಮ ಸಿಟ್ಟಾದರು. "ಇಷ್ಟು ವರ್ಷ ಬಾವಿ ಖಾಲಿ ಮಾಡಿದವರಿಗೆ ಈಗ ಎಂತ, ನೀರು ಕಂಡರೆ ಹೆದರಿಕೆಯಾ?"

ಅಪ್ಪ ನನ್ನ ಕಡೆ ನೋಡದೆ ಹೇಳಿದರು: "ಹೆದರಿಕೆ ಅಲ್ಲ. ಮಗಳ ಕೈಯಲ್ಲಿ ನೀರು ಹೊಯ್ಸಿಕೊಳ್ಳುವಷ್ಟು ನಾನು ಇನ್ನೂ ಸೋತು ಹೋಗಲಿಲ್ಲ."

ಅವರಿಗೆ ಬಸ್‌ಸ್ಟ್ಯಾಂಡಿನವರೆಗೆ ನಡೆಯುವುದು ಬೇಡವಾಗಿತ್ತು, ಮೆಟ್ಟಿಲು ಹತ್ತುವುದೂ ಬೇಡ. ಒಬ್ಬರೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಸ್ನಾನ ಮಾಡಿ ಹೊರಗೆ ಬರಬೇಕು. ಅಷ್ಟೇ. ಆ ಮೇಲೆ ನಾವು ಮಾಡಿದ್ದೆಲ್ಲ ಅಷ್ಟಕ್ಕಾಗಿಯೇ.

ಮಣಿಪಾಲದ ಆಸ್ಪತ್ರೆಯಲ್ಲಿ ಅಪ್ಪನಿಗೆ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿಗೆ ಇದನ್ನು ಹೇಳಿದೆ. ಅವಳು ಅಪ್ಪನನ್ನೇ ಕೇಳಿದಳು: "ನಿಮ್ಮ ಬಾತ್‌ರೂಮಿನ ಬಾಗಿಲಲ್ಲಿ ಎಷ್ಟು ಎತ್ತರ ಉಂಟು ಅಂಕಲ್?" ಕಾರ್ಕಳದಿಂದ ಉಡುಪಿಗೆ ಇರುವ ಸ್ಟಾಪುಗಳನ್ನೆಲ್ಲ ನಿದ್ದೆಯಲ್ಲಿಯೂ ಹೇಳುವವರು ಕೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಮಾಡಿದರು, ಅಷ್ಟೇ. ಅವಳು ವ್ಯಾಯಾಮದ ಕಾಗದದ ಹಿಂದೆ ಚಿತ್ರ ಬಿಡಿಸಿದಳು. ಹೊಸ್ತಿಲು ಇಲ್ಲ, ಮೆಟ್ಟಿಲು ಇಲ್ಲ. ಹೊರಗಿನ ನೆಲವೇ ನೇರವಾಗಿ ಒಳಗೆ ಹೋಗುತ್ತದೆ. ಪಾಯಿಖಾನೆಗೂ ಬಚ್ಚಲಿಗೂ ನಡುವೆ ಇರುವ ಗೋಡೆ ತೆಗೆದು ಇಡೀ ಕೋಣೆ ಒಂದೇ ಮಾಡುವುದು. ನೆಲಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು, ದೂರದ ಗೋಡೆಯ ಬುಡದಲ್ಲಿ ಉದ್ದದ ಜಾಲರಿ, ಬಿದ್ದ ನೀರೆಲ್ಲ ಅತ್ತ. ಟೈಲ್ಸಿನ ಅಡಿಯಲ್ಲಿ ನೀರು ಇಳಿಯದ ಹಾಗೆ ಒಂದು ಲೇಪ, ಗೋಡೆಗೆ ಮಡಚುವ ಕುರ್ಚಿ, ಹಿಡಿದುಕೊಳ್ಳಲು ಸ್ಟೀಲಿನ ಸರಳು.

"ವೆಟ್‌ರೂಮ್ ಅಂತ ಹೇಳ್ತಾರೆ" ಎಂದಳು.

ನಾನು ಮನೆಯಲ್ಲಿ ಹೇಳಿದಾಗ ಅಮ್ಮ ಕೇಳಿದರು: "ಇಷ್ಟು ವರ್ಷ ನಮ್ಮದು ಎಂತ, ಒಣ ಬಚ್ಚಲಾ?" ಹೊಸ್ತಿಲು ತೆಗೆಯುವ ವಿಷಯ ಬಂದಾಗ ಮುಖ ಸಣ್ಣದು ಮಾಡಿದರು. "ಅಲ್ಲಿ ಮಿಂದರೆ ಇಲ್ಲಿ ದೋಣಿ ಬೇಕಾದೀತು."

ಟೈಲ್ಸ್ ಆರಿಸಲು ಉಡುಪಿಗೆ ನನ್ನ ಮತ್ತು ಅಮ್ಮನ ಜೊತೆ ಅಪ್ಪನೂ ಬಂದರು. ಅಂಗಡಿಯವನು ಒಂದು ಹೊಳೆಯುವ ಟೈಲನ್ನು ಎತ್ತಿ ತೋರಿಸಿದ. "ಇದು ನೋಡಿ ಸರ್. ಮುಖ ಕಾಣ್ತದೆ."

"ಮುಖ ನೋಡ್ಲಿಕ್ಕೆ ಮನೆಯಲ್ಲಿ ಕನ್ನಡಿ ಉಂಟು ಮಾರಾಯ. ಸ್ವಲ್ಪ ನೀರು ಹೊಯ್ದು ಕೆಳಗಿಡು."

ಅವನು ಇಟ್ಟ. ಅಪ್ಪ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಚಪ್ಪಲಿ ಬಿಟ್ಟು ಎಡಗಾಲನ್ನು ಅದರ ಮೇಲೆ ಉಜ್ಜಿದರು. ಜಾರಿತು. ಇನ್ನೊಂದು, ಮತ್ತೊಂದು. ಏಳನೆಯದೋ ಎಂಟನೆಯದೋ ಒರಟಾದ ಬೂದು ಬಣ್ಣದ್ದು, ಅಂಗಡಿಯ ಮೂಲೆಯಲ್ಲಿ ಇದ್ದದ್ದು, ಕಾಲನ್ನು ಹಿಡಿದುಕೊಂಡಿತು. "ಇದು ಪಾರ್ಕಿಂಗಿಗೆ ಹಾಕುವುದು ಸರ್" ಎಂದು ಅವನು ಬೇಸರದಿಂದ ಹೇಳಿದ. "ನಾನೂ ಪಾರ್ಕಿಂಗಿನಲ್ಲೇ ಅಲ್ವಾ ಈಗ" ಎಂದರು ಅಪ್ಪ. ಆಸ್ಪತ್ರೆಯ ನಂತರ ಅವರು ಮಾಡಿದ ಮೊದಲ ತಮಾಷೆ ಅದು. ನನ್ನ ನೆನಪಿನಲ್ಲಿ ನಾವೆಲ್ಲ ನಕ್ಕೆವು. ಯಾರೂ ನಗಲಿಲ್ಲ ಎನ್ನುತ್ತಾರೆ ಅಮ್ಮ.

ಮೇಸ್ತ್ರಿ ಗದಗದ ಕಡೆಯವರು. ಮಣಿಪಾಲದಲ್ಲಿ ಬಾಡಿಗೆಗಿದ್ದು ಸುತ್ತಮುತ್ತ ಟೈಲ್ಸಿನ ಕೆಲಸ ಮಾಡುವವರು. ಕೆಲಸಕ್ಕಿಂತ ಮೊದಲು ನೆಲವನ್ನು ಅಂಗೈಯಿಂದ ಮುಟ್ಟಿ ನೋಡುತ್ತಾರೆ, ಹಸುವಿನ ಬೆನ್ನು ಸವರಿದ ಹಾಗೆ. ಹಳೆಯ ಹೊಸ್ತಿಲನ್ನು ಅವರೇ ಕಿತ್ತರು, ನಡುವಿನ ಗೋಡೆ ಕೆಡವಿದರು, ತಗ್ಗು ತುಂಬಿಸಿದರು. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿ ಹಿಡಿದು ಇಳಿಜಾರನ್ನು ಅಳೆದು ಗೋಡೆಗೆ ಗುರುತು ಹಾಕಿದರು. ಅಪ್ಪ ದಿನವಿಡೀ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕುಳಿತು ಮೇಲ್ವಿಚಾರಣೆ ನಡೆಸಿದರು. ಮೇಸ್ತ್ರಿ ಟೈಲ್ಸನ್ನು ಸರಿಸುತ್ತಿದ್ದರೆ, "ಬರಲಿ, ಬರಲಿ, ಇನ್ನೂ ಬರಲಿ. ಹೋಲ್ಡಾನ್!"

"ಅಜ್ಜಾರ, ಇದು ಬಸ್ಸಲ್ರೀ."

"ಬಸ್ಸಾದರೆ ಎರಡು ಇಂಚು ಆಚೆ ಈಚೆ ಆದರೂ ನಡೀತದೆ ಮಾರಾಯ. ಇದಕ್ಕೆ ನಡೆಯುವುದಿಲ್ಲ."

"ಬಸ್ಸಿನ್ಯಾಗ ಒಂದ ಸೀಟಿಗೆ ಮೂರ ಮಂದೀನ ಕುಂಡ್ರಸ್ತಿದ್ರಂತ, ನಮ್ಮೂರ ಹುಡುಗೋರು ಹೇಳ್ತಾರ."

"ನಿಮ್ಮೂರಿನವರು ಸಪೂರ ಇದ್ದರು. ಕೂರಿಸ್ತಿದ್ದೆ."

ಅಮ್ಮ ಇಬ್ಬರಿಗೂ ಚಾ ಕೊಡುವಾಗ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು, "ನೀರು ಹೊರಗೆ ಬರುವುದಿಲ್ಲ ಅಲ್ವಾ ಮೇಸ್ತ್ರಿ?" ಮೇಸ್ತ್ರಿ ಪ್ರತಿಸಲವೂ ಅಷ್ಟೇ ಗಂಭೀರವಾಗಿ "ಬರಂಗಿಲ್ರೀ ಅವ್ವಾರ" ಎನ್ನುತ್ತಿದ್ದರು. ಈ ಪ್ರಶ್ನೆ ಮೇಸ್ತ್ರಿಯ ತಲೆಯಲ್ಲಿ ಏನು ಮಾಡುತ್ತಿತ್ತು ಎಂದು ನಾನು ಆಗ ಯೋಚಿಸಲಿಲ್ಲ.

ಕೆಲಸ ಮುಗಿಯುವ ದಿನ ನಾನು ಆಫೀಸಿನಲ್ಲಿದ್ದೆ, ಅಪ್ಪ ಅಮ್ಮ ಮಣಿಪಾಲಕ್ಕೆ ಹೋಗಿದ್ದರು. ಸಂಜೆ ಮೂವರೂ ಮನೆಗೆ ಬಂದಾಗ ಮೇಸ್ತ್ರಿ ಬೀಗ ಹಾಕಿ ಬೀಗದ ಕೈಯನ್ನು ಹೇಳಿದ ಜಾಗದಲ್ಲಿಟ್ಟು ಹೋಗಿದ್ದರು. ಗುಡಿಸಿಟ್ಟಿದ್ದ ಕೋಣೆ. ಬೂದು ನೆಲ ಬಾಗಿಲಿನಿಂದ ಜಾಲರಿಯವರೆಗೆ ಒಂದೇ ಹಾಸು.

ಬಾಗಿಲಲ್ಲಿ ಮಾತ್ರ ಒಂದು ಕಪ್ಪು ಕಲ್ಲು. ಬೇರೆ ಎಲ್ಲಿಯದೋ ಕೆಲಸದಲ್ಲಿ ಉಳಿದ ಗ್ರಾನೈಟಿನ ತುಂಡು. ಅದನ್ನು ಬಾಗಿಲಿನ ಅಗಲಕ್ಕೆ ಸರಿಯಾಗಿ ಕೊಯ್ದು, ಅಂಚನ್ನು ಕೈಯಿಂದಲೇ ಉಜ್ಜಿ ದುಂಡಗೆ ಮಾಡಿ, ಎರಡು ಇಂಚು ಎತ್ತರಕ್ಕೆ ಕೂರಿಸಿದ್ದರು. ಅದರ ಮೇಲೆ ಅರಿಶಿನ, ಕುಂಕುಮ. ಎರಡು ತುದಿಗಳಲ್ಲಿ ನಮ್ಮ ಅಂಗಳದ್ದೇ ಎರಡು ದಾಸವಾಳ.

ನಾನು ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. ಅವರ ಧ್ವನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ. "ನೋಡಿದ್ರೇನ್ರೀ ಅಕ್ಕಾರ? ಹೊಸ್ತಿಲಾ ಇಲ್ದ ಬಾಗ್ಲಾ ಮನಿಗೆ ಛಲೋ ಅಲ್ರೀ. ಅವ್ವಾರ ನೀರಿಂದ ಒಂದ ಸಮ ಹೆದರತಿದ್ರು. ಸಣ್ಣದ ಐತಿ, ಎರಡ ಇಂಚ. ಇದು ನಂದು, ಕೆಲಸದಾಗ ಹಿಡೀಬ್ಯಾಡ್ರಿ."

ಅಮ್ಮನಿಗೆ ಬಹಳ ಖುಷಿಯಾಗಿತ್ತು. "ಈಗ ಬಾಗಿಲು ಬಾಗಿಲಿನ ಹಾಗೆ ಕಾಣ್ತದೆ" ಎಂದರು. ಅಪ್ಪ ವಾಕರ್ ದೂಡಿಕೊಂಡು ಬಂದರು. ಕಲ್ಲಿನವರೆಗೆ ಬಂದು ನಿಂತರು. ಬಲಗಾಲಿನ ಹೆಬ್ಬೆರಳು ಕಲ್ಲಿಗೆ ತಾಗಿತು, ಸ್ವಲ್ಪ ಮೇಲೆದ್ದಿತು, ಮತ್ತೆ ತಾಗಿತು. "ಲಾಯ್ಕ ಆಗಿದೆ" ಎಂದು ಹೇಳಿ ತಿರುಗಿ ಹೋದರು.

"ಸ್ನಾನ?" ಎಂದೆ.

"ನಾಳೆ."

ಆಗ ಅಮ್ಮನ ಮುಖವೂ ಇಳಿಯಿತು. ಕಲ್ಲನ್ನು ತೆಗೆಸೋಣ ಎಂದೆ. ಅಮ್ಮ ಕುಂಕುಮದ ಕಡೆ ನೋಡಿದರು. "ಪೂಜೆ ಮಾಡಿ ಇಟ್ಟದ್ದನ್ನು ಒಡೆಯುವುದಾ?" ಅಪ್ಪ ಅದಕ್ಕಿಂತ ಹಟ ಮಾಡಿದರು. "ಅವನಿಗೆ ಹೇಳಬೇಡ. ಪಾಪ, ಉಜ್ಜಿ ಉಜ್ಜಿ ಮಾಡಿದ್ದಾನೆ. ವ್ಯಾಯಾಮ ಮಾಡಿದರೆ ಕಾಲು ಎರಡು ಇಂಚು ಏಳ್ತದೆ." ಒಂದು ಕಾಲದಲ್ಲಿ ಓಡುವ ಬಸ್ಸಿಗೆ ಹಾರಿ ಹತ್ತುತ್ತಿದ್ದವರು ಗೋಡೆ ಹಿಡಿದುಕೊಂಡು ಎರಡು ಇಂಚಿಗಾಗಿ ಹಲ್ಲು ಕಚ್ಚುವುದನ್ನು ನಾಲ್ಕು ದಿನ ನೋಡಿದೆ. ಸ್ನಾನವಿಲ್ಲ. ಹೊಸ ಕೋಣೆ ಹಾಗೆಯೇ ಇತ್ತು. ಮನೆಯಲ್ಲಿ ಎಲ್ಲರೂ ಒಳ್ಳೆಯವರಾದದ್ದರಿಂದ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಅಮ್ಮನೂ ನಾನೂ ಹಿತ್ತಲಿನಲ್ಲಿ ತೆಂಗಿನ ಗರಿ ಕಟ್ಟಿದ ಮರೆಯಲ್ಲಿ ಮೀಯುತ್ತಿದ್ದೆವು. ಪಾಯಿಖಾನೆಗೆ ಹಿತ್ತಲಿನ ಹಳೆಯದೇ ಇತ್ತು, ಅಪ್ಪನನ್ನು ಅಮ್ಮ ಹಿಡಿದುಕೊಂಡು ಕರೆದೊಯ್ಯುತ್ತಿದ್ದರು. ಅಪ್ಪನಿಗಿಂತ ಮೊದಲು ಹೊಸ ಕೋಣೆಯಲ್ಲಿ ಸ್ನಾನ ಮಾಡಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ಐದನೆಯ ದಿನ ಮೇಸ್ತ್ರಿಯೇ ಬಂದರು. ಸ್ಟೀಲಿನ ಸರಳುಗಳು ತಡವಾಗಿ ಬಂದಿದ್ದವು, ಅವನ್ನು ಗೋಡೆಗೆ ಹಾಕುವುದಿತ್ತು. ಅಪ್ಪ ಜಗಲಿಯಲ್ಲಿದ್ದರು.

"ಸ್ನಾನ ಆತೇನ್ರೀ ಅಜ್ಜಾರ, ಹೊಸಾ ಬಚ್ಚಲದಾಗ?"

"ದಿನಾ. ಎರಡು ಸಲ" ಎಂದರು ಅಪ್ಪ. "ಫಸ್ಟ್ ಕ್ಲಾಸ್."

ಮೇಸ್ತ್ರಿ ನಗುತ್ತಾ ಒಳಗೆ ಹೋದರು. ಸ್ವಲ್ಪ ಹೊತ್ತು ಡ್ರಿಲ್ಲಿನ ಸದ್ದು ಬರಲಿಲ್ಲ. ನಾನು ಹೋಗಿ ನೋಡಿದರೆ ಅವರು ಕೋಣೆಯ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ನೆಲವನ್ನು ಅಂಗೈಯಿಂದ ಮುಟ್ಟುತ್ತಿದ್ದರು. ಕೈ ಎತ್ತಿ ನನಗೆ ತೋರಿಸಿದರು. ಅಂಗೈ ಬೆಳ್ಳಗಾಗಿತ್ತು. ಟೈಲ್ಸಿನ ಸಂದಿಗೆ ತುಂಬಿದ ಪುಡಿ ಇನ್ನೂ ನೆಲದ ಮೇಲೆಯೇ ಕುಳಿತಿತ್ತು. ಒಂದು ತಂಬಿಗೆ ನೀರು ಬಿದ್ದಿದ್ದರೂ ಅದು ತೊಳೆದುಹೋಗುತ್ತಿತ್ತು.

"ಇಲ್ಲಿ ಯಾರೂ ಜಳಕಾ ಮಾಡಿಲ್ರೀ" ಎಂದರು.

ಅವರು ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು. ಹೊರಗೆ ಹೋಗಿ ಅಪ್ಪನ ಮುಂದೆ ನೆಲದ ಮೇಲೆ ಕುಳಿತರು.

"ಕಾಲ ಎತ್ರೀ ಅಜ್ಜಾರ, ನೋಡೂಣು."

"ಎಂತಕ್ಕೆ?"

"ಎತ್ರೀ."

ಅಪ್ಪ ಎತ್ತಿದರು. ಮೇಸ್ತ್ರಿ ತಮ್ಮ ಎರಡು ಬೆರಳನ್ನು ಪಾದದ ಅಡಿಗೆ ತೂರಿಸಲು ನೋಡಿದರು. ಒಂದು ಬೆರಳು ಹೋಯಿತು. ಎರಡನೆಯದಕ್ಕೆ ಜಾಗವಿರಲಿಲ್ಲ. ಅಷ್ಟು ದಿನ ಅಪ್ಪನನ್ನು ಕುರ್ಚಿಯಲ್ಲಿ ಕುಳಿತವರನ್ನಾಗಿಯೇ ಅವರು ನೋಡಿದ್ದು. ಆ ಕಾಲು ಎಷ್ಟು ಏಳುತ್ತದೆ ಎಂದು ನಾವೂ ಹೇಳಿರಲಿಲ್ಲ.

"ಯಾಕ ಹೇಳ್ಲಿಲ್ರೀ?"

"ಚಂದ ಮಾಡಿದ್ದಿ ನೀನು" ಎಂದರು ಅಪ್ಪ.

ಮೇಸ್ತ್ರಿ ಉಳಿ, ಸುತ್ತಿಗೆ ತೆಗೆದುಕೊಂಡರು. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತರು. ಒಳಗೊಳಗೆ ಅವರಿಗೂ ಕಲ್ಲು ಹೋಗಬೇಕೆಂದೇ ಇತ್ತು, ಆದರೆ ಒಡೆಯುವುದನ್ನು ನೋಡಲಾರರು.

"ಒಡಿಯೂದಿಲ್ರೀ ಅವ್ವಾರ" ಎಂದರು ಮೇಸ್ತ್ರಿ. "ಕೆಳಗ ಮಲಗಸ್ತೀನಿ. ಹೊಸ್ತಿಲಾ ಇರತೈತಿ. ನೆಲದ ಮ್ಯಾಲ ಬರೂದಿಲ್ಲ, ಅಷ್ಟ."

ಕಲ್ಲನ್ನು ಅಂಚು ಕೂಡ ಮುಕ್ಕಾಗದ ಹಾಗೆ ಎಬ್ಬಿಸಲು ಮಧ್ಯಾಹ್ನವಾಯಿತು. ಅದರ ಕೆಳಗೆ ಅಷ್ಟೇ ಆಳಕ್ಕೆ ನೆಲ ಕೊರೆದರು. ನೀರು ಇಳಿಯದ ಲೇಪವನ್ನು ಅಲ್ಲಿ ಮತ್ತೆ ಬಳಿದು, ಒಣಗಿದ ಮೇಲೆ ಕಲ್ಲನ್ನು ಇಳಿಸಿ, ಮೇಲ್ಮೈ ಎರಡೂ ಕಡೆಯ ನೆಲಕ್ಕೆ ಸಮವಾಗುವವರೆಗೆ ತಟ್ಟಿದರು. ಬಗ್ಗಿ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಒಂದೇ ಕಣ್ಣಿನಿಂದ ನೋಡಿದರು. ಮುಗಿದ ಮೇಲೆ ಅವರು ಕಲ್ಲನ್ನು ಮುಟ್ಟಿ ಹಣೆಗೆ ಕೈ ಒತ್ತಿಕೊಂಡರು ಎಂದು ಬರೆದಿದ್ದೆ. ಅಮ್ಮ ಅಲ್ಲ ಎಂದರು, ಬೆವರು ಒರೆಸಿಕೊಂಡದ್ದಂತೆ. ಇರಬಹುದು. ಸೆಕೆ ಇತ್ತು.

"ಎರಡ ದಿನ ನೀರ ಮುಟ್ಟಸಬ್ಯಾಡ್ರಿ" ಎಂದು ಹೇಳಿ ಹೋದರು.

ಆ ಕೋಣೆಯಿಂದ ಏನು ಲಾಭ ಎಂದು ಈಗ ಯಾರಾದರೂ ಕೇಳಿದರೆ ಉತ್ತರ ಕೊಡುವವರು ಅಮ್ಮ. ಒಂದೇ ಸಲ ಪೈಪು ಹಿಡಿದು ತೊಳೆದರೆ ಇಡೀ ಕೋಣೆ ಚೊಕ್ಕ, ಮೂಲೆಯಲ್ಲಿ ನೀರು ನಿಂತು ಪಾಚಿ ಕಟ್ಟುವುದಿಲ್ಲ. ಗೋಡೆ ಹೋದ ಮೇಲೆ ಕಿಟಕಿಯ ಗಾಳಿ ಎರಡೂ ಕಡೆಗೆ ಸಿಗುತ್ತದೆ, ಮಳೆಗಾಲದಲ್ಲಿಯೂ ನೆಲ ಬೇಗ ಒಣಗುತ್ತದೆ. ಮಂಡಿನೋವಿನವರು ಮಡಚಿದ ಕುರ್ಚಿ ಬಿಡಿಸಿ ಕುಳಿತೇ ಮೀಯಬಹುದು. ಮಂಡಿನೋವಿನವರು ಎಂದರೆ ತಾವೇ, ಆದರೆ ಹಾಗೆ ಹೇಳುವುದಿಲ್ಲ. ಕಾಪುವಿನಿಂದ ಅವರ ತಂಗಿ ಬಂದಾಗ ಊಟಕ್ಕಿಂತ ಮೊದಲು ಬಚ್ಚಲು ತೋರಿಸಿದರು. ಒಂದು ಬಕೆಟು ನೀರನ್ನು ಬಾಗಿಲ ಹತ್ತಿರವೇ ಸುರಿದು, ಅದು ಹೊರಗೆ ಬಾರದೆ ತಿರುಗಿ ಜಾಲರಿಯತ್ತ ಹೋಗುವುದನ್ನು ಇಬ್ಬರೂ ನಿಂತು ನೋಡಿದರು. "ನೀರಿಗೆ ಬುದ್ಧಿ ಉಂಟು ನಿಮ್ಮ ಮನೆಯಲ್ಲಿ" ಎಂದರಂತೆ ಚಿಕ್ಕಮ್ಮ.

ಇದೆಲ್ಲ ಆಮೇಲಿನದು. ಕಲ್ಲು ಎರಡು ದಿನ ಒಣಗಿದ ಮರುದಿನ ಭಾನುವಾರ. ಅಥವಾ ನಾನು ರಜೆ ಹಾಕಿದ್ದಿರಬೇಕು. ಅಪ್ಪ ಯಾರೂ ಕರೆಯದೆ ಎದ್ದರು. ಹೆಗಲ ಮೇಲೆ ಮೈ ಒರೆಸುವ ಬೈರಾಸು, ವಾಕರಿಗೆ ಒಗೆದ ಲುಂಗಿ, ಬನಿಯನ್ ಕಟ್ಟಿಕೊಂಡಿದ್ದರು. ನಾವಿಬ್ಬರೂ ಹಿಂದೆಯೇ ಹೋದೆವು. ಕಪ್ಪು ಕಲ್ಲಿನ ಮೇಲೆ ಬಂದಾಗ ಹೆಬ್ಬೆರಳು ಎಂದಿನಂತೆ ಗೆರೆ ಎಳೆಯಿತು, ಕಲ್ಲಿನ ಮೇಲೂ ಎಳೆಯಿತು, ಆಚೆಯ ಬೂದು ನೆಲದ ಮೇಲೂ ಎಳೆಯಿತು. ಎಲ್ಲಿಯೂ ನಿಲ್ಲಲಿಲ್ಲ. ಒಳಗೆ ಹೋಗಿ ವಾಕರನ್ನು ತಿರುಗಿಸಿ ನಮ್ಮನ್ನು ನೋಡಿದರು.

"ಎಂತ, ಟಿಕೆಟ್ ಬೇಕಾ? ಹೋಗಿ."

ಬಾಗಿಲು ಹಾಕಿದರು. ಚಿಲಕ ಹಾಕುವುದಿಲ್ಲ ಎಂದು ಮೊದಲೇ ಮಾತಾಗಿತ್ತು. ಚಿಲಕದ ಸದ್ದು ಕೇಳಿತು. ಅಮ್ಮ ನನ್ನ ಕೈ ಹಿಡಿದರು.

"ಅಲ್ಲಿ ಯಾರೂ ನಿಲ್ಲಬೇಡಿ" ಎಂದಿತು ಒಳಗಿನ ಧ್ವನಿ.

ಅಡುಗೆಮನೆಗೆ ಹೋದೆವು. ನೀರಿನ ಸದ್ದು ಶುರುವಾಯಿತು. ಅಮ್ಮ ಒಮ್ಮೆ ತೊಳೆದ ಅಕ್ಕಿಯನ್ನು ಮತ್ತೆ ತೊಳೆದರು. ನಾನು ಗಡಿಯಾರ ನೋಡುವುದಿಲ್ಲ ಎಂದುಕೊಂಡು ಅದಕ್ಕೆ ಬೆನ್ನು ಹಾಕಿ ಕುಳಿತೆ. ನೀರು ನಿಂತಿತು. ಮತ್ತೆ ಬಂತು. ಗೀಸರಿನ ಬಿಸಿನೀರು ಎಂದೋ ಮುಗಿದಿರಬೇಕು.

"ನೀನು ಕರಿ" ಎಂದರು ಅಮ್ಮ.

"ನೀವು ಕರೆಯಿರಿ."

"ನನ್ನನ್ನು ಬೈತಾರೆ."

ಇಬ್ಬರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚಿಲಕ ತೆರೆಯಿತು. ಅಪ್ಪ ಹೊರಗೆ ಬಂದರು. ಲುಂಗಿ ಓರೆಯಾಗಿತ್ತು, ಬನಿಯನ್ ಹಿಂದುಮುಂದಾಗಿತ್ತು, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಡಗಿವಿಯ ಹಿಂದೆ ಸೋಪಿನ ನೊರೆ ಹಾಗೆಯೇ ಉಳಿದಿತ್ತು. ಅಮ್ಮ ಅದನ್ನು ನೋಡಿದರು. ಸೆರಗಿನ ತುದಿ ಹಿಡಿದ ಕೈ ಅರ್ಧಕ್ಕೆ ಎದ್ದಿತು. ಅಪ್ಪ ಅವರನ್ನೇ ನೋಡುತ್ತಿದ್ದರು. ಅಮ್ಮ ಕೈ ಇಳಿಸಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಗಂಜಿ ಬಡಿಸುವುದಾ?" ಎಂದರು.

"ಹಾಕು" ಎಂದು ಅಪ್ಪ ಮೇಜಿನ ಕಡೆಗೆ ವಾಕರ್ ತಿರುಗಿಸಿದರು. ನೊರೆ ಕಿವಿಯ ಹಿಂದೆಯೇ ಒಣಗಿತು.